ಹೀಟರ್ ಆರಿಸಿ ಕೂತಿದ್ದ ಅವ್ವ

ಹೋದ ವರ್ಷ ಫೆಬ್ರವರಿ ಮೊದಲ ವಾರ ಕರೆಂಟ್ ಬಿಲ್ ಬಂತು. 512 ಯೂನಿಟ್. ಅದರ ಹಿಂದಿನ ತಿಂಗಳು 186 ಇತ್ತು. ಊಟದ ಟೇಬಲ್ ಹತ್ತಿರ ನಿಂತುಕೊಂಡೇ ಹೆಂಡತಿಗೆ ಓದಿ ಹೇಳಿದೆ. ದನಿ ಸ್ವಲ್ಪ ಜೋರೇ ಇತ್ತು. ‘ಇದೆಲ್ಲ ಆ ಹೀಟರ್‌ದ್ದೇ’ ಅಂದೆ. ಅಷ್ಟೇ ಅಂದಿದ್ದು. ಯಾರ ಮೇಲೂ ಸಿಟ್ಟು ಮಾಡಲಿಲ್ಲ, ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ಆ ಹೀಟರ್ ತಂದದ್ದು ಅವ್ವನಿಗಾಗಿ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ಅವಳು ಒಳಗಿನ ಕೋಣೆಯಲ್ಲಿ ದೇವರ ಬತ್ತಿ ಹೊಸೆಯುತ್ತ ಕೂತಿದ್ದಳು. ಬಾಗಿಲು ತೆರೆದೇ ಇತ್ತು.

ಮರುದಿನ ಬೆಳಗಿನ ಜಾವ ಐದೂಕಾಲಿಗೆ ನೀರು ಕುಡಿಯಲು ಎದ್ದೆ. ಅವ್ವನ ಕೋಣೆಯಿಂದ ಹೀಟರ್‌ನ ಗುಂಯ್ ಅನ್ನುವ ಸದ್ದು ಬರುತ್ತಿರಲಿಲ್ಲ. ಇಣುಕಿ ನೋಡಿದೆ. ಕತ್ತಲಲ್ಲಿ ಮಂಚದ ಮೇಲೆ ಗೋಡೆಗೆ ಒರಗಿ, ಮೊಣಕಾಲು ಎದೆಗೆ ಹಚ್ಚಿಕೊಂಡು, ಶಾಲು ತಲೆಯ ಮೇಲಿಂದ ಎಳೆದುಕೊಂಡು ಕೂತಿದ್ದಾಳೆ.

‘ಯಾಕವ್ವಾ, ಹೀಟರ್ ಬಂದ್ ಮಾಡೀದಿ?’

‘ನನಗೇನ ಅಷ್ಟು ಥಂಡಿ ಹತ್ತಂಗಿಲ್ಲ ತಮ್ಮಾ. ಸುಮ್ನ ಕರೆಂಟ್ ಯಾಕ ಸುಡೋದು?’

ಕಾಲು ಮುಟ್ಟಿ ನೋಡಿದೆ. ನೆಲದ ಟೈಲ್ಸ್ ಎಷ್ಟು ತಣ್ಣಗಿತ್ತೋ ಅಷ್ಟೇ ತಣ್ಣಗಿತ್ತು.

ಒಂದು ವರ್ಷದಿಂದ ಇದು ನನ್ನ ತಲೆಯಲ್ಲಿ ಕೂತಿದೆ. ಖರ್ಚು ಕಡಿಮೆ ಮಾಡಬೇಕು ಅಂತ ನಾನು ಒಂದು ಮಾತು ಆಡಿದೆ. ಅದಕ್ಕೆ ಮೊದಲು ಕಡಿಮೆಯಾಗಿದ್ದು ಎಪ್ಪತ್ತಾರು ವರ್ಷದ ಹೆಂಗಸಿನ ಮೈ ಬಿಸಿ. ಕಿಟಕಿಯ ಸಂದು ಹಾಗೇ ಇತ್ತು. ಗೀಸರ್ ದಿನವಿಡೀ ಉರಿಯುತ್ತಲೇ ಇತ್ತು. ಅವ್ವ ಮಾತ್ರ ಆರಿಸಿಕೊಂಡು ಕೂತಳು. ಆ ಬೆಳಿಗ್ಗೆ ಹೀಟರ್ ಹಚ್ಚಿ, ಅವಳ ಪಕ್ಕದಲ್ಲಿ ಕೂತು, ಒಂದು ವಿಷಯ ಗಟ್ಟಿ ಮಾಡಿಕೊಂಡೆ. ಉಳಿತಾಯ ಮಾಡೋಣ, ಆದರೆ ಅದನ್ನು ಮನೆಯಿಂದ ತೆಗೆಯಬೇಕು, ಮನುಷ್ಯರಿಂದ ಅಲ್ಲ. ಮುಂದೆ ಬರೆದಿರುವುದೆಲ್ಲ ಆ ಹುಡುಕಾಟದ್ದು.

ಪುಣೆಯ ಚಳಿ ಎಂಥದ್ದು

ಇಲ್ಲಿಯ ಚಳಿಯನ್ನು ಉತ್ತರದವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾವೂ ತೆಗೆದುಕೊಳ್ಳುವುದಿಲ್ಲ, ಅದೇ ತೊಂದರೆ. ಜನವರಿಯಲ್ಲಿ ಮಧ್ಯಾಹ್ನ 29, 30 ಡಿಗ್ರಿ ಬಿಸಿಲು. ಫ್ಯಾನ್ ಹಾಕೋಣವಾ ಅನಿಸುತ್ತದೆ. ಅದೇ ದಿನ ಬೆಳಗಿನ ಜಾವ 9, 10 ಡಿಗ್ರಿ. ಪಾಷಾಣ ಅನ್ನುವ ಬಡಾವಣೆಯ ಕಡೆ, ಅಂದರೆ ನಾವಿರುವ ಕಡೆ, ಊರ ನಡುವಿನ ಶಿವಾಜಿನಗರಕ್ಕಿಂತ ಇನ್ನೂ ಕಡಿಮೆ ಇರುತ್ತದೆ. ಇದಕ್ಕೆ ಕಾರಣ ಆಕಾಶ. ಮೋಡ ಇಲ್ಲ, ಗಾಳಿ ಒಣಗಿದೆ. ಹಗಲು ಕಾದ ನೆಲ ರಾತ್ರಿ ಎಲ್ಲ ಶಾಖವನ್ನೂ ನೇರ ಮೇಲಕ್ಕೆ ಬಿಟ್ಟುಬಿಡುತ್ತದೆ. ತಣ್ಣಗಾದ ಗಾಳಿ ಭಾರವಾಗಿ ತಗ್ಗಿನ ಕಡೆಗೆ, ಕೆರೆ ಹೊಳೆಗಳ ಪಕ್ಕಕ್ಕೆ ಹರಿದು ನಿಲ್ಲುತ್ತದೆ. 1935ರ ಜನವರಿಯಲ್ಲಿ ಈ ಊರಲ್ಲಿ 1.7 ಡಿಗ್ರಿಗೆ ಇಳಿದ ದಾಖಲೆ ಇದೆ. ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದಿತ್ತು, ಅದಕ್ಕೇ ಶಿವಾಜಿನಗರದ ಆ ಜಾಗಕ್ಕೆ ಇವತ್ತಿಗೂ ಸಿಮ್ಲಾ ಆಫೀಸ್ ಅಂತಲೇ ಹೆಸರು. ಬಸ್ ಕಂಡಕ್ಟರ್ ಆ ಹೆಸರು ಕೂಗಿದಾಗ ಅವ್ವ ನನ್ನ ಕಡೆ ತಿರುಗಿ, ‘ನಾ ಹೇಳಲಿಲ್ಲೇನ, ಇಲ್ಲಿ ಥಂಡಿ ಅದಕ್ಕ’ ಅಂದಿದ್ದಳು.

ಅವ್ವ ಬಂದದ್ದು ನವಲಗುಂದದ ಹತ್ತಿರದ ನಮ್ಮ ಹಳ್ಳಿಯಿಂದ, ಎಳ್ಳಮಾವಾಸ್ಯೆ ಮುಗಿಸಿಕೊಂಡು. ಅಲ್ಲಿ ನಮ್ಮದು ಮಾಳಿಗೆ ಮನೆ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮೇಲಿಂದ ಬೆಳಕಿಂಡಿ ಒಂದೋ ಎರಡೋ. ಹೊರಗೆ ಚಳಿ ಇದ್ದರೂ ಒಳಗಿನ ಗೋಡೆಗೆ ಬೆನ್ನು ಹಚ್ಚಿ ಕೂತರೆ ಹಿತವಾಗಿರುತ್ತಿತ್ತು. ಇಲ್ಲಿ ನಮ್ಮದು ನಾಲ್ಕನೇ ಮಹಡಿ, ಅದೇ ಕೊನೆಯದು. ತಲೆಯ ಮೇಲೆ ಬರೀ ಸ್ಲ್ಯಾಬು, ಅದರ ಮೇಲೆ ಆಕಾಶ. ಅವಳಿಗೆ ಕೊಟ್ಟಿದ್ದು ಉತ್ತರದ ಕೋಣೆ. ಎರಡು ಗೋಡೆ ಹೊರಗಿನವು. ಮಗಳ ಕೋಣೆ ದಕ್ಷಿಣಕ್ಕಿತ್ತು. ಅವಳಿಗೆ ಓದಲು ಬೆಳಕು ಬೇಕು ಅಂತ ನಾವೇ ಕೊಟ್ಟಿದ್ದು. ಮನೆಯ ಅತಿ ತಣ್ಣನೆಯ ಕೋಣೆಯಲ್ಲಿ ಮನೆಯ ಅತಿ ವಯಸ್ಸಾದವರನ್ನು ಮಲಗಿಸಿದ್ದೆವು. ಆಗ ಅದು ಹೊಳೆಯಲೇ ಇಲ್ಲ.

ಮೀಟರ್ ರೂಮಿನಲ್ಲಿ ಒಂದು ಭಾನುವಾರ

ಬಿಲ್ ನೋಡಿದರೆ ಒಟ್ಟು ಎಷ್ಟು ಅಂತ ಗೊತ್ತಾಗುತ್ತದೆ, ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ. ನಮ್ಮ ಸೊಸೈಟಿಯ ಮೀಟರ್‌ಗಳೆಲ್ಲ ಕೆಳಗೆ, ಮೆಟ್ಟಿಲ ಅಡಿಯ ಒಂದು ಸಣ್ಣ ಕೋಣೆಯಲ್ಲಿವೆ. ಪ್ರತಿ ಮೀಟರ್‌ನಲ್ಲೂ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಎಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಅಂತ ಅದರ ಮೇಲೇ ಅಚ್ಚಾಗಿರುತ್ತದೆ. ನಮ್ಮದರಲ್ಲಿ 3200. ಒಂದು ಭಾನುವಾರ ನಾನು ಕೆಳಗೆ ನಿಂತೆ, ಹೆಂಡತಿ ಮೇಲೆ ಫೋನ್ ಹಿಡಿದು ನಿಂತಳು. ಮೊದಲು ಫ್ರಿಜ್ ಸೇರಿ ಎಲ್ಲ ಆರಿಸಿದಳು. ದೀಪ ನಿಂತಿತು. ಆಮೇಲೆ ಒಂದೊಂದೇ ಹಾಕುತ್ತ ಬಂದಳು.

ಒಂದು 9 ವಾಟಿನ ಎಲ್‌ಇಡಿ ಬಲ್ಬ್ ಹಾಕಿದಾಗ ಎರಡು ನಿಮಿಷ ಕಾಯಬೇಕಾಯಿತು, ಆಗ ಒಂದು ಸಲ ಮಿಣುಕಿತು. ಹೀಟರ್ ಹಾಕಿದಳು ನೋಡಿ, ಹತ್ತು ಸೆಕೆಂಡಿನಲ್ಲಿ ಹದಿನೆಂಟು ಸಲ. ಎಣಿಸಲು ಕಷ್ಟವಾಯಿತು. ಗೀಸರ್‌ದೂ ಹಾಗೇ. ನಾನು ಎಷ್ಟೋ ವರ್ಷದಿಂದ ಮಗಳಿಗೆ ‘ಲೈಟ್ ಆರಿಸು, ಲೈಟ್ ಆರಿಸು’ ಅಂತ ಹೇಳುತ್ತ ಬಂದಿದ್ದೇನೆ. ಆ ಬಲ್ಬ್ ತಿಂಗಳಿಡೀ ಹಗಲು ರಾತ್ರಿ ಉರಿದರೆ ಆರೂವರೆ ಯೂನಿಟ್. 2000 ವಾಟಿನ ಹೀಟರ್ ಅದನ್ನು ಮೂರೂಕಾಲು ಗಂಟೆಯಲ್ಲಿ ತಿನ್ನುತ್ತದೆ. ಸಂಜೆ ಎರಡೂವರೆ ಗಂಟೆ, ಬೆಳಗಿನ ಜಾವ ಎರಡೂವರೆ ಗಂಟೆ ಅಂತ ಹಿಡಿದರೂ ದಿನಕ್ಕೆ 10 ಯೂನಿಟ್, ತಿಂಗಳಿಗೆ 300. ಇಲ್ಲಿ ಮನೆ ಕರೆಂಟಿನ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 100ಕ್ಕೊಂದು ಮೆಟ್ಟಿಲು, 300ಕ್ಕೊಂದು, 500ಕ್ಕೊಂದು. ಮೇಲಿನ ಮೆಟ್ಟಿಲಿಗೆ ಬಿದ್ದ ಯೂನಿಟ್‌ಗಳು ಕೆಳಗಿನವಕ್ಕಿಂತ ಬಹಳ ತುಟ್ಟಿ. ಹೀಟರ್ ತಿಂದದ್ದು ಹೆಚ್ಚಾಗಿ ಆ ತುಟ್ಟಿಯ ಯೂನಿಟ್‌ಗಳನ್ನೇ.

ಅಂಗಡಿಯವನು ಎಣ್ಣೆ ತುಂಬಿದ ಹೀಟರ್ ತೋರಿಸಿ, ಇದಕ್ಕೆ ಬದಲಾಯಿಸಿ ಸಾರ್, ಬಿಲ್ ಅರ್ಧಕ್ಕೆ ಇಳಿಯುತ್ತದೆ ಅಂದ. ಇದನ್ನು ನಂಬಬೇಡಿ. ಫ್ಯಾನ್ ಹೀಟರ್ ಇರಲಿ, ರಾಡ್ ಹೀಟರ್ ಇರಲಿ, ಎಣ್ಣೆಯದಿರಲಿ, ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ ಅಷ್ಟೇ. ಎಣ್ಣೆಯದು ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಇರುತ್ತದೆ ನಿಜ, ಆದರೆ ಹಚ್ಚಿದ ಮೇಲೆ ಬಿಸಿಯಾಗಲೂ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಬೇರೆ ಲೆಕ್ಕ ಇರುವುದು ಬಿಸಿ ಗಾಳಿಯನ್ನೂ ಕೊಡುವ ಎಸಿಗೆ ಮಾತ್ರ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಗೆ ಸಾಗಿಸುತ್ತದೆ. ಪುಣೆಯಂಥ ಚಳಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ತಂದುಕೊಡಬಲ್ಲದು. ಹೇಗೂ ಬೇಸಿಗೆಗೆ ಎಸಿ ಕೊಳ್ಳುವವರಿದ್ದರೆ ಅಂಥದ್ದನ್ನು ಕೊಳ್ಳಿ. ನಾವು ಕೊಳ್ಳುವವರಿರಲಿಲ್ಲ.

ಇನ್ನೊಂದು ಅವತ್ತೇ ಕಂಡದ್ದು. ಹೀಟರ್‌ನ ಪ್ಲಗ್ಗನ್ನು ನಾನು ಕೋಣೆಯ ಸಣ್ಣ ಸಾಕೆಟ್‌ಗೇ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿ ಸಿಕ್ಕಿಸಿದ್ದೆ. ಸಣ್ಣ ಸಾಕೆಟ್ 6 ಆಂಪಿಯರ್‌ದು, ಹೀಟರ್ ಎಳೆಯುವುದು ಹೆಚ್ಚುಕಡಿಮೆ 9. ಬೋರ್ಡ್ ತೆಗೆದು ನೋಡಿದರೆ ಪ್ಲಗ್ಗಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಅವ್ವನ ಮಂಚ ಅಲ್ಲಿಂದ ಒಂದು ಮೊಳ ದೂರ. ಈಗ ನೆನೆಸಿಕೊಂಡರೂ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಹೀಟರ್, ಗೀಸರ್ ಎರಡಕ್ಕೂ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು.

ಗಾಳಿ ಹಗುರ, ಸ್ಲ್ಯಾಬು ಭಾರ

ನನ್ನನ್ನು ಕಾಡಿದ ಪ್ರಶ್ನೆ ಒಂದಿತ್ತು. ಎರಡು ಗಂಟೆ ಹೀಟರ್ ಉರಿಸಿದ ಮೇಲೂ, ಆರಿಸಿದ ಹತ್ತು ನಿಮಿಷಕ್ಕೆ ಕೋಣೆ ಯಾಕೆ ಮತ್ತೆ ತಣ್ಣಗಾಗುತ್ತದೆ? ಒಂದು ರಾತ್ರಿ ಮಗಳ ಜೊತೆ ಕೂತು ಲೆಕ್ಕ ಹಾಕಿದೆ. ಅವಳು ಆಗ ಹತ್ತನೇ ಕ್ಲಾಸಿನಲ್ಲಿದ್ದಳು, ಶಾಖದ ಪಾಠ ತಾಜಾ ಇತ್ತು. ಕೋಣೆ ಹತ್ತು ಅಡಿ, ಹನ್ನೆರಡು ಅಡಿ, ಎತ್ತರ ಹತ್ತು. ಅದರೊಳಗಿನ ಗಾಳಿಯ ತೂಕ ಸುಮಾರು 40 ಕೆಜಿ. ಅದನ್ನು 5 ಡಿಗ್ರಿ ಬಿಸಿ ಮಾಡಲು ನಮ್ಮ ಹೀಟರ್‌ಗೆ ಎರಡು ನಿಮಿಷವೂ ಬೇಡ. ಅಷ್ಟು ಕಡಿಮೆ! ಹಾಗಾದರೆ ಉಳಿದ ಕರೆಂಟ್ ಎಲ್ಲಿಗೆ ಹೋಯಿತು? ತಲೆ ಎತ್ತಿ ನೋಡಿದೆವು. ಅದೇ ಕೋಣೆಯ ಸ್ಲ್ಯಾಬ್ ಐದು ಇಂಚು ದಪ್ಪ ಅಂತ ಹಿಡಿದರೆ ಮೂರು ಟನ್‌ಗಿಂತ ಜಾಸ್ತಿ ತೂಗುತ್ತದೆ. ಅದನ್ನು ಬರೀ ಒಂದು ಡಿಗ್ರಿ ಬಿಸಿ ಮಾಡಲು ಮುಕ್ಕಾಲು ಯೂನಿಟ್‌ಗೂ ಹೆಚ್ಚು ಬೇಕು. ಗೋಡೆಗಳ ಲೆಕ್ಕ ಬೇರೆ. ಆ ಸ್ಲ್ಯಾಬೋ, ರಾತ್ರಿಯಿಡೀ ಆಕಾಶಕ್ಕೆ ಶಾಖ ಸುರಿಯುತ್ತಿರುತ್ತದೆ. ನಾವು ಕೆಳಗಿನಿಂದ ಕೊಡುವುದು, ಅದು ಮೇಲಿನಿಂದ ಚೆಲ್ಲುವುದು.

ಅಂದರೆ ನಾವು ಬಿಸಿ ಮಾಡುತ್ತಿದ್ದದ್ದು ಅವ್ವನನ್ನಲ್ಲ, ಕಾಂಕ್ರೀಟನ್ನು.

ಇದು ತಿಳಿದ ಮೇಲೆ ದಾರಿ ಸುಲಭವಾಯಿತು. ಕೋಣೆಯನ್ನು ಬಿಸಿ ಮಾಡುವ ಆಸೆ ಬಿಡಬೇಕು. ನಮ್ಮ ಕಟ್ಟಡಗಳು ಅದಕ್ಕಾಗಿ ಕಟ್ಟಿದವಲ್ಲ. ಕೋಣೆಯಲ್ಲಿರುವವರನ್ನು ಬಿಸಿ ಇಡಬೇಕು. ಫ್ಯಾನ್ ಹೀಟರನ್ನು ಅಟ್ಟಕ್ಕೆ ಹಾಕಿ, 400 ವಾಟಿನ ಎರಡು ರಾಡ್ ಇರುವ ಸಣ್ಣ ಹೀಟರ್ ತಂದೆ. ಅದರ ಕೆಂಪು ರಾಡ್‌ನಿಂದ ಬರುವ ಕಾವು ಗಾಳಿಯನ್ನು ಸುತ್ತಿ ಬರುವುದಿಲ್ಲ, ಬಿಸಿಲಿನ ಹಾಗೆ ನೇರ ಮೈಗೆ ತಾಗುತ್ತದೆ. ಅವ್ವನ ಕುರ್ಚಿಯಿಂದ ನಾಲ್ಕೈದು ಅಡಿ ದೂರ, ಸೀರೆ ಸೆರಗು ಹೊದಿಕೆ ಯಾವುದೂ ತಾಗದ ಕಡೆ ಇಟ್ಟೆವು. ಎರಡೂ ರಾಡ್ ಹಚ್ಚಿದರೂ 800 ವಾಟ್, ಹಳೆಯದರ ಅರ್ಧಕ್ಕಿಂತ ಕಡಿಮೆ.

ಬಿಸಿಲು ಯಾವ ಕಿಟಕಿಗೆ ಬರುತ್ತದೆ

ಮಾಡಿದ್ದರಲ್ಲಿ ಅತಿ ದೊಡ್ಡ ಕೆಲಸಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಮಗಳ ಕೋಣೆ, ಅವ್ವನ ಕೋಣೆ ಅದಲುಬದಲು ಮಾಡಿದೆವು. ಮಗಳೇ ಹೇಳಿದ್ದು, ‘ಅಜ್ಜಿ ನನ್ನ ರೂಮಲ್ಲಿ ಮಲಗಲಿ, ನಾನು ಹೇಗೂ ಹಾಲ್‌ನಲ್ಲಿ ಓದ್ತೀನಿ’ ಅಂತ. ಡಿಸೆಂಬರ್ ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಪುಣೆಯಲ್ಲಿ ನಡು ಮಧ್ಯಾಹ್ನವೂ ನೆತ್ತಿಯ ಮೇಲೆ ಬರುವುದಿಲ್ಲ, ಅರ್ಧ ಆಕಾಶದಲ್ಲೇ ನಿಲ್ಲುತ್ತಾನೆ. ಹಾಗಾಗಿ ದಕ್ಷಿಣದ ಕಿಟಕಿಯಿಂದ ಬಿಸಿಲು ಓರೆಯಾಗಿ ಮಂಚದವರೆಗೂ ಬರುತ್ತದೆ. ಬಿಸಿಲು ಬಿದ್ದ ಒಂದು ಚದರ ಮೀಟರ್ ಗಾಜಿನಿಂದ ಮಧ್ಯಾಹ್ನದ ಹೊತ್ತು ಸುಮಾರು 500 ವಾಟ್ ಶಾಖ ಒಳಗೆ ಬರುತ್ತದೆ, ನಮ್ಮ ಹೀಟರ್‌ನ ಒಂದು ರಾಡ್‌ಗಿಂತ ಜಾಸ್ತಿ. ಪುಕ್ಕಟೆ. ಬೇಸಿಗೆಯಲ್ಲಿ ಈ ಕೋಣೆ ಸುಡುತ್ತದಾ ಅಂತ ಹೆದರಿದ್ದೆ. ಇಲ್ಲ. ಮೇ ತಿಂಗಳಲ್ಲಿ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಹೋಗುತ್ತಾನೆ, ದಕ್ಷಿಣದ ಗಾಜಿಗೆ ಬಿಸಿಲು ತಾಗುವುದೇ ಇಲ್ಲ ಅನ್ನಬಹುದು.

ಪರದೆ ಒಂಬತ್ತಕ್ಕೆ ಸರಿಸಬೇಕು, ಐದಕ್ಕೆ ಎಳೆಯಬೇಕು. ನಾವು ಉಲ್ಟಾ ಮಾಡುತ್ತಿದ್ದೆವು. ಆಫೀಸಿಗೆ ಹೋಗುವಾಗ ಪರದೆ ಎಳೆದು ಹೋಗುವುದು, ಸಂಜೆ ಬಂದು ‘ಗಾಳಿಯಾಡಲಿ’ ಅಂತ ತೆರೆಯುವುದು.

ಆಮೇಲೆ ಸಂದುಗಳು. ಅವ್ವನ ಊದಿನಕಡ್ಡಿಯನ್ನೇ ತೆಗೆದುಕೊಂಡು ಫ್ಯಾನ್ ಆರಿಸಿ ಕಿಟಕಿಯ ಅಂಚಿನುದ್ದಕ್ಕೂ ಹಿಡಿದುಕೊಂಡು ಹೋದೆ. ಹೊಗೆ ನೆಟ್ಟಗೆ ಏರಿದರೆ ಸರಿ, ಬಾಗಿದರೆ ಅಲ್ಲಿ ಗಾಳಿ ನುಗ್ಗುತ್ತಿದೆ ಅಂತ ಅರ್ಥ. ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿಯ ಎರಡು ಗಾಜಿನ ಕದ ಕೂಡುವ ಜಾಗದಲ್ಲಿ ಹೊಗೆ ಹಾವಿನ ಹಾಗೆ ಒಳಗೆ ಹೊರಳಿತು. ಅಲ್ಲಿ ಇರಬೇಕಾದ ಬ್ರಷ್‌ನಂಥ ಪಟ್ಟಿ ಎಂದೋ ಸವೆದು ಉದುರಿತ್ತು. ಕಿಟಕಿ ಮಾಡುವವನು ಬಂದು ಒಂದು ಗಂಟೆಯಲ್ಲಿ ಹೊಸ ಪಟ್ಟಿ ಸೇರಿಸಿ ಹೋದ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆಯನ್ನು ಸುರುಳಿ ಸುತ್ತಿ ಇಡುವುದನ್ನು ಅವ್ವ ತಾನೇ ಶುರು ಮಾಡಿದಳು. ನೆಲಕ್ಕೆ ಊರಿನಿಂದ ತಂದು ಕಟ್ಟಿಟ್ಟಿದ್ದ ನವಲಗುಂದದ ಜಮಖಾನ ಹಾಸಿದೆವು. ಟೈಲ್ಸೂ ಜಮಖಾನವೂ ಒಂದೇ ಕೋಣೆಯಲ್ಲಿ ಇರುವುದರಿಂದ ಎರಡರ ಉಷ್ಣತೆಯೂ ಒಂದೇ. ಆದರೆ ಟೈಲ್ಸ್ ಅಂಗಾಲಿನ ಬಿಸಿಯನ್ನು ಸರಕ್ಕನೆ ಎಳೆದುಕೊಳ್ಳುತ್ತದೆ, ಹತ್ತಿ ಅಷ್ಟು ಬೇಗ ಎಳೆದುಕೊಳ್ಳುವುದಿಲ್ಲ.

ಕೌದಿಯ ಒಳಗಿನ ಗಾಳಿ

ಹಳೆಯ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಅಂಚಿನಿಂದ ನಡುವಿಗೆ ಬರುವುದು, ಇದು ಕೌದಿ. ಇಲ್ಲಿ ಮರಾಠಿಯವರು ಗೋಧಡಿ ಅನ್ನುತ್ತಾರೆ, ಕೆಲಸ ಅದೇ. ನಾನು ಸಣ್ಣವನಿದ್ದಾಗ ಸುಗ್ಗಿ ಮುಗಿದ ಮೇಲೆ ಅವ್ವ, ಪಕ್ಕದ ಮನೆಯ ದೊಡ್ಡವ್ವ, ಇನ್ನಿಬ್ಬರು ನಡುಮನೆಯಲ್ಲಿ ನಾಲ್ಕು ಮೂಲೆಗೆ ಕೂತು ಹೊಲಿಯುತ್ತಿದ್ದರು. ನಾನು ಮಧ್ಯದಲ್ಲಿ ಉರುಳಾಡಿ ಬೈಸಿಕೊಳ್ಳುತ್ತಿದ್ದೆ. ಯಾವ ತುಂಡು ಯಾರ ಸೀರೆಯದು ಅಂತ ಅವರಿಗೆ ನೆನಪಿರುತ್ತಿತ್ತು. ‘ಇದು ನಿಮ್ಮ ಅತ್ತಿ ಮದುವ್ಯಾಗ ಉಟ್ಟಿದ್ದು’ ಅಂತ ಬೆರಳಿಟ್ಟು ತೋರಿಸುತ್ತಿದ್ದಳು. ಪುಣೆಗೆ ಬರುವಾಗ ಅವಳು ಒಂದು ಕೌದಿ ಗಂಟು ಕಟ್ಟಿಕೊಂಡೇ ಬಂದಿದ್ದಳು. ನಾವು ಅದನ್ನು ಕಪಾಟಿನ ಮೇಲೆ ಇಟ್ಟು, ಅಂಗಡಿಯ ಹೊಳೆಯುವ ಬ್ಲ್ಯಾಂಕೆಟ್ ಕೊಟ್ಟಿದ್ದೆವು.

ಬಟ್ಟೆ ತಾನಾಗಿ ಬಿಸಿ ಕೊಡುವುದಿಲ್ಲ. ಪದರಗಳ ನಡುವೆ ಸಿಕ್ಕಿಕೊಂಡ, ಅಲ್ಲಾಡಲಾಗದ ಗಾಳಿಯೇ ಮೈಯ ಶಾಖವನ್ನು ತಡೆದು ಇಡುತ್ತದೆ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಗೆ ಹೋಗುತ್ತಿರುತ್ತದೆ. ಅದನ್ನು ಹಿಡಿದಿಟ್ಟುಕೊಂಡರೆ ಸಾಕು, ಹೊಸದು ಕೊಳ್ಳಬೇಕಿಲ್ಲ. ಐದಾರು ಪದರದ ಕೌದಿ ಒಳಗೆ, ಕುರುಬರು ನೇಯ್ದ ಕರಿ ಕಂಬಳಿ ಮೇಲೆ. ಕಂಬಳಿ ಚುಚ್ಚುತ್ತದೆ, ಅದಕ್ಕೇ ಮೇಲೆ. ಮಲಗುವ ಅರ್ಧ ಗಂಟೆ ಮುಂಚೆ ಎರಡು ಲೀಟರ್ ಬಿಸಿ ನೀರಿನ ರಬ್ಬರ್ ಚೀಲವನ್ನು ಟವೆಲ್‌ನಲ್ಲಿ ಸುತ್ತಿ ಕಾಲಿನ ಕಡೆ ಇಟ್ಟರೆ, ಅವ್ವ ‘ಹಾಂ’ ಅನ್ನುತ್ತಾಳೆ. ಆ ನೀರಿನಿಂದ ಅವಳ ಹಾಸಿಗೆಗೆ ಬರುವ ಶಾಖ, ಹಳೆಯ ಹೀಟರ್ ಎರಡೂವರೆ ನಿಮಿಷ ಓಡಿದಷ್ಟು. ಆದರೆ ಇದು ಕೌದಿಯೊಳಗೆ ರಾತ್ರಿಯ ಬಹುಪಾಲು ಉಳಿಯುತ್ತದೆ. ಟವೆಲ್ ಸುತ್ತದೆ ಇಡಬೇಡಿ. ವಯಸ್ಸಾದವರ ಚರ್ಮ ತೆಳು, ಕಾಲಿಗೆ ಸ್ಪರ್ಶ ಕಡಿಮೆ ಇದ್ದರೆ ಸುಟ್ಟದ್ದೂ ತಿಳಿಯುವುದಿಲ್ಲ. ಎಲೆಕ್ಟ್ರಿಕ್ ಬ್ಲ್ಯಾಂಕೆಟ್ ಕೂಡ ಕಡಿಮೆ ಕರೆಂಟಿನದೇ. ಅವ್ವ ಒಪ್ಪಲಿಲ್ಲ. ಕರೆಂಟಿನ ಮೇಲೆ ಮಲಗಲಾರೆ ಅಂದಳು. ನಾನು ಒತ್ತಾಯ ಮಾಡಲಿಲ್ಲ.

ಸ್ವೆಟರ್ ಕೊಳ್ಳಲು ಹೋದಾಗಿನ ಮಾತು ಇಲ್ಲಿ ಹೇಳಲೇಬೇಕು. ಚಳಿಗಾಲದಲ್ಲಿ ಇಲ್ಲಿಗೆ ಬಂದು ಸಾಲಾಗಿ ಅಂಗಡಿ ಹಾಕುವ ಟಿಬೆಟಿನವರ ಹತ್ತಿರ ಹೋಗಿದ್ದೆವು. ನಾನು ಹಿಂದಿಯಲ್ಲಿ ಚೌಕಾಶಿ ಮಾಡುತ್ತಿದ್ದೆ. ಅವ್ವ ನನ್ನ ಜೊತೆ ಕನ್ನಡದಲ್ಲಿ ಏನೋ ಅಂದಳು. ಅಂಗಡಿಯ ಹೆಣ್ಣುಮಗಳು ಥಟ್ಟನೆ ತಲೆ ಎತ್ತಿ, ‘ಅಮ್ಮಾರೇ, ಯಾವೂರ್ರೀ ನಿಮ್ಮದು? ನಮ್ದು ಮುಂಡಗೋಡ’ ಅಂದರು. ಆಮೇಲೆ ಹತ್ತು ನಿಮಿಷ ಇಬ್ಬರೂ ನನ್ನನ್ನು ಮರೆತರು. ಕೊನೆಗೆ ಆಕೆ, ಸ್ವೆಟರ್ ಆಮೇಲೆ ನೋಡೋಣ, ಮೊದಲು ಉಣ್ಣೆಯ ಕಾಲುಚೀಲ, ಟೊಪ್ಪಿಗೆ ಒಯ್ಯಿರಿ ಅಂತ ಕೈಗಿಟ್ಟರು. ವ್ಯಾಪಾರಕ್ಕೆ ಹೇಳಿದ್ದಲ್ಲ, ಸರಿಯಾಗೇ ಹೇಳಿದ್ದರು. ಆ ಕಾಲುಚೀಲ ಹಾಕಿಕೊಂಡ ಮೇಲೆ ಅವ್ವ ಬೆಳಗಿನ ಜಾವ ಎದ್ದು ಕೂರುವುದು ಬಹಳ ಕಡಿಮೆಯಾಯಿತು.

ಸಂಜೆ ಟಿವಿಯನ್ನೂ ಅವಳ ಕೋಣೆಗೇ ಸಾಗಿಸಿದೆವು. ನಾಲ್ಕು ಜನ ಒಂದೇ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತರೆ 400 ವಾಟ್, ಒಂದು ರಾಡಿನಷ್ಟು. ಲೆಕ್ಕ ಮಗಳದು.

ಸ್ನಾನದ ನೀರು

ಬೆಳಿಗ್ಗೆ ಐದೂವರೆಗೆ ಸ್ನಾನ ಆಗದೆ ಅವ್ವ ಅಡುಗೆಮನೆಗೆ ಕಾಲಿಡುವುದಿಲ್ಲ. ಹತ್ತು ಗಂಟೆಗೆ, ಬಿಸಿಲು ಬಂದ ಮೇಲೆ ಮಾಡು ಅಂತ ಹೆಂಡತಿ ಎರಡು ಸಲ ಹೇಳಿ ಸುಮ್ಮನಾದಳು. ಸರಿ, ಅದು ಬದಲಾಗುವುದಿಲ್ಲ, ಬದಲಾಗಬೇಕಾಗೂ ಇಲ್ಲ. ಬದಲಾದದ್ದು ಗೀಸರ್. ಒಂದು 20 ಲೀಟರ್ ಬಕೆಟ್ ನೀರನ್ನು 20 ಡಿಗ್ರಿಯಿಂದ 40ಕ್ಕೆ ತರಲು ಅರ್ಧ ಯೂನಿಟ್ ಸಾಲುತ್ತದೆ. ನಾಲ್ಕು ಜನಕ್ಕೆ ಎರಡು ಯೂನಿಟ್. ನಾವು ಅದನ್ನು ಬೆಳಿಗ್ಗೆ ಹಾಕಿ ರಾತ್ರಿಯವರೆಗೆ ಹಾಗೇ ಬಿಡುತ್ತಿದ್ದೆವು, ಅದೂ ಗುಂಡಿಯನ್ನು ಪೂರ್ತಿ ಕೊನೆಗೆ ತಿರುಗಿಸಿ. ಸುಡುವ ನೀರು ಕಾಯಿಸಿ ಅದಕ್ಕೆ ತಣ್ಣೀರು ಬೆರೆಸುವುದು, ಉಳಿದದ್ದು ಒಳಗೇ ತಣ್ಣಗಾಗುವುದು, ಅದು ಮತ್ತೆ ಹೊತ್ತಿಕೊಳ್ಳುವುದು. ಈಗ ಗುಂಡಿ 50ಕ್ಕೆ, ಸ್ನಾನದ ಇಪ್ಪತ್ತು ನಿಮಿಷ ಮುಂಚೆ ಸ್ವಿಚ್, ನಾಲ್ವರೂ ಒಬ್ಬರ ಹಿಂದೆ ಒಬ್ಬರು.

ಟೆರೇಸಿನ ಮೇಲೆ ಸೊಸೈಟಿಯ ಸೋಲಾರ್ ಇದೆ, ಎರಡು ವರ್ಷದಿಂದ ಕೆಟ್ಟು ಕೂತಿತ್ತು. ಟ್ಯಾಂಕರ್ ನೀರಿನ ಸುಣ್ಣ ಕಟ್ಟಿಕೊಂಡು ಪೈಪು ಮುಚ್ಚಿದ್ದವು. ಕೆಳಗಿನ ಮಹಡಿಯವರಿಗೆ ಆಸಕ್ತಿ ಇರಲಿಲ್ಲ, ಅದಕ್ಕೂ ಕಾರಣವಿದೆ. ಒಂದು ಇಂಚಿನ ಪೈಪಿನ 30 ಮೀಟರ್‌ನಲ್ಲಿ 15 ಲೀಟರ್ ತಣ್ಣೀರು ನಿಂತಿರುತ್ತದೆ, ಅದು ಹೋದ ಮೇಲೆಯೇ ಬಿಸಿ ನೀರು. ಆ ನೀರನ್ನು ಬಕೆಟ್‌ನಲ್ಲಿ ಹಿಡಿದು ಬಟ್ಟೆಗೆ ಬಳಸಿ ಅಂತ ಮೀಟಿಂಗ್‌ನಲ್ಲಿ ನಾನು ಎದ್ದು ಹೇಳಿದೆ. ಮೂರು ಮೀಟಿಂಗ್ ಬೇಕಾದವು. ದಸರಾ ಹೊತ್ತಿಗೆ ರಿಪೇರಿಯಾಯಿತು.

ನೀರಿನ ವಿಷಯಕ್ಕೇ ಒಮ್ಮೆ ಅವ್ವನನ್ನು ಕಸಬಾ ಪೇಠೆಯ ತಾಂಬಟ್ ಆಳಿಗೆ, ಅಂದರೆ ತಾಮ್ರಗಾರರ ಓಣಿಗೆ, ಕರೆದುಕೊಂಡು ಹೋಗಿದ್ದೆ. ಓಣಿಯ ತುಂಬ ತಾಮ್ರ ಬಡಿಯುವ ಸದ್ದು. ಅಲ್ಲಿ ಬಂಬ್ ಅನ್ನುವ ನೀರು ಕಾಯಿಸುವ ತಾಮ್ರದ ಪಾತ್ರೆ ಇಟ್ಟಿದ್ದರು. ನಡುವೆ ಒಂದು ಕೊಳವೆ, ಅದರೊಳಗೆ ಬೆಂಕಿ, ಸುತ್ತಲೂ ನೀರು. ನಮ್ಮ ಬಚ್ಚಲ ಹಂಡೆಯಲ್ಲಿ ಬೆಂಕಿ ಕೆಳಗೆ, ಅರ್ಧ ಕಾವು ಹಂಡೆಯ ಪಕ್ಕದಿಂದ ಮೇಲೆ ಹಾರಿಹೋಗುತ್ತದೆ. ಇದರಲ್ಲಿ ಬೆಂಕಿಯ ಸುತ್ತ ನೀರೇ ಇರುವುದರಿಂದ ಕಾವು ನೀರನ್ನು ದಾಟಿಯೇ ಹೊರಗೆ ಹೋಗಬೇಕು. ಅವ್ವ ಬೆರಳಿನಿಂದ ತಟ್ಟಿ ನಾದ ಕೇಳಿದಳು, ಒಳಗೆ ಕೈ ಹಾಕಿ ಕೊಳವೆ ಮುಟ್ಟಿ ನೋಡಿದಳು. ‘ಶಾಣ್ಯಾ ಮಂದಿ ಮಾಡ್ಯಾರ’ ಅಂದಳು. ನಾಲ್ಕನೇ ಮಹಡಿಯ ಬಾತ್‌ರೂಮಿನಲ್ಲಿ ಅದನ್ನು ಉರಿಸುವಂತಿಲ್ಲ, ಕೊಳ್ಳಲಿಲ್ಲ.

ಉರಿಸುವಂತಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಖರ್ಚು ಉಳಿಸಲು ಜನ ಶೇಗಡಿಯಲ್ಲಿ ಇದ್ದಿಲು ಹಾಕಿ ಕೋಣೆಯೊಳಗೆ ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗುತ್ತಾರೆ. ನಮ್ಮ ವಾಚ್‌ಮನ್ ಗೇಟಿನ ಹತ್ತಿರ ಶೆಕೋಟಿ, ಅಂದರೆ ಚಳಿ ಕಾಯಿಸುವ ಬೆಂಕಿ, ಹಾಕಿ ಕಾಯಿಸಿಕೊಳ್ಳುತ್ತಾನೆ, ಅದು ಬಯಲು. ಒಂದು ರಾತ್ರಿ ಚಳಿ ಜಾಸ್ತಿ ಅಂತ ಉಳಿದ ಕೆಂಡವನ್ನು ಕಬ್ಬಿಣದ ಬುಟ್ಟಿಯಲ್ಲಿ ತನ್ನ ಸಣ್ಣ ಕೋಣೆಯೊಳಗೆ ಒಯ್ಯುತ್ತಿದ್ದ. ನಾನು ಓಡಿಹೋಗಿ ತಡೆದೆ. ಇದ್ದಿಲು ಮುಚ್ಚಿದ ಜಾಗದಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ಹೊಗೆಯೂ ಕಾಣುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದು ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಕೂತುಬಿಡುತ್ತದೆ. ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಬಾತ್‌ರೂಮಿನ ಒಳಗೇ ಕೂರಿಸಿದ ಗ್ಯಾಸ್ ಗೀಸರ್‌ದೂ ಇದೇ ಕಥೆ. ಪುಣೆಯಲ್ಲಿ ಎಷ್ಟೋ ಮನೆಗಳಲ್ಲಿ ಅದು ಒಳಗೇ ಇದೆ. ಚಳಿ ಬರುತ್ತದೆ ಅಂತ ಬಾತ್‌ರೂಮಿನ ಕಿಟಕಿಯ ಪಟ್ಟಿಗಳಿಗೆ ಪ್ಲಾಸ್ಟಿಕ್ ಅಂಟಿಸುತ್ತಾರೆ. ದಯವಿಟ್ಟು ಬೇಡ. ಗ್ಯಾಸ್ ಗೀಸರನ್ನು ಹೊರಗೆ ಬಾಲ್ಕನಿಗೆ ಹಾಕಿಸಿ. ಮೇಲೆ ನಾನು ಬರೆದ ಊದಿನಕಡ್ಡಿ, ಪಟ್ಟಿ ಎಲ್ಲ ಮಲಗುವ ಕೋಣೆಗೆ ಮಾತ್ರ, ಏನೂ ಉರಿಯದ ಕೋಣೆಗೆ ಮಾತ್ರ.

ಹದಿನೆಂಟು ಡಿಗ್ರಿ

ಅವ್ವನ ಮಂಚದ ಪಕ್ಕದಲ್ಲಿ ಈಗ ಒಂದು ಸಣ್ಣ ಥರ್ಮಾಮೀಟರ್ ಇದೆ. ವಯಸ್ಸಾದವರ ಮೈ ಚಳಿಯನ್ನು ತಡವಾಗಿ ಹೇಳುತ್ತದೆ. ನಡುಕ ಹುಟ್ಟಿಸಿ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಕಡಿಮೆಯಾಗಿರುತ್ತದೆ. ಹಾಗಾಗಿ ‘ನನಗೆ ಥಂಡಿ ಇಲ್ಲ’ ಅನ್ನುವುದು ಅವಳ ಮಟ್ಟಿಗೆ ನಿಜವೇ ಇರಬಹುದು. ಚಳಿ ದೇಶಗಳ ಮನೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದು, ಒಳಗೆ 18 ಡಿಗ್ರಿಗಿಂತ ಕೆಳಗೆ ಹೋಗದಿರಲಿ ಅಂತ. ಹಳೆಯ ಕೋಣೆಯಲ್ಲಿ ಬೆಳಗಿನ ಜಾವ 16, 17 ಇರುತ್ತಿತ್ತು. ದಕ್ಷಿಣದ ಕೋಣೆಯಲ್ಲಿ 19, 20 ಇರುತ್ತದೆ. 18 ಆದರೆ ಹೀಟರ್ ಹಚ್ಚಲೇಬೇಕು, ಇದು ಮನೆಯ ನಿಯಮ. ಕೇಳುವ ಹಾಗಿಲ್ಲ, ಹೇಳುವ ಹಾಗಿಲ್ಲ.

ಈ ಜನವರಿಯ ಬಿಲ್ 274 ಯೂನಿಟ್. ಅದನ್ನು ನಾನು ಊಟದ ಟೇಬಲ್ ಹತ್ತಿರ ಓದಲಿಲ್ಲ. ಆಫೀಸಿನಲ್ಲಿ ಕೂತು ಫೋನಿನಲ್ಲೇ ಕಟ್ಟಿದೆ.

ಅವ್ವ ಈ ವರ್ಷವೂ ಎಳ್ಳಮಾವಾಸ್ಯೆ ಮುಗಿಸಿಕೊಂಡೇ ಬಂದಳು. ಬಂದ ಮೊದಲ ವಾರ ಅದೇ ರಾಗ. ಹಚ್ಚಿದರೆ ಸಾಕು, ‘ಬಂದ್ ಮಾಡೋ ಸಾಕು, ಬಿಸಿ ಆತು’. ನಾನು ಮಂಚದ ತುದಿಯಲ್ಲಿ ಕೂತು ಪೇಪರ್ ಓದುತ್ತ, ಅಲ್ಲಿಂದ ಏಳದೆ ಹಾಗೇ ಇರುತ್ತಿದ್ದೆ. ಸಂಕ್ರಾಂತಿ ಆಗಿ ಮೂರನೇ ದಿನವೋ ನಾಲ್ಕನೆಯದೋ, ಬೆಳಗಿನ ಜಾವ ಇನ್ನೂ ಕತ್ತಲಿತ್ತು, ನನಗೆ ಎಚ್ಚರವಾದದ್ದು ಅವಳ ದನಿಗೆ.

‘ತಮ್ಮಾ, ಎದ್ದೀಯೇನ? ಆ ಬೆಂಕಿ ಹಚ್ಚು ಬಾ.’

ಹೋಗಿ ಒಂದು ರಾಡ್ ಹಚ್ಚಿದೆ. ಅವಳು ಕೌದಿಯಿಂದ ಎರಡೂ ಕೈ ಹೊರಗೆ ತೆಗೆದು ಕೆಂಪು ಬೆಳಕಿನ ಕಡೆ ಚಾಚಿದಳು.

‘ಎರಡೂ ಹಚ್ಚು’ ಅಂದಳು.